ಉಸ್ತಾದರ ಕಾರು ಸೋರಿದ್ದು

ಗುಬ್ಬಿಯಲ್ಲಿ ಮುತ್ತುರಾಜನ ಗ್ಯಾರೇಜಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ ಬಿಡಿ. ಗೇರ್‌ಬಾಕ್ಸ್ ಕೆಲಸ ಅಂದರೆ ಚೇಳೂರಿನಿಂದ ತುಮಕೂರಿನ ತನಕ ಜನ ಅವನ ಹೆಸರೇ ಹೇಳೋದು. ಆಸಾಮಿಗೆ ಮೂಗಿನ ತುದಿಯಲ್ಲೇ ಕೋಪ. ಗಿರಾಕಿ ಪಕ್ಕದಲ್ಲಿ ನಿಂತು ‘ಅದಿರಬೇಕು, ಇದಿರಬೇಕು’ ಅಂದರೆ ಸಾಕು, ಸ್ಪ್ಯಾನರನ್ನು ಅವರ ಕೈಗೇ ಕೊಟ್ಟು ಟೀ ಕುಡಿಯಲು ಹೋಗಿಬಿಡುತ್ತಾನೆ.

ಇಂಥವನು ಒಬ್ಬರ ಮುಂದೆ ಮಾತ್ರ ಬೆಕ್ಕಿನ ಮರಿ. ಅವರೇ ಉಸ್ತಾದ್ ರಂಗಯ್ಯ. ಓದು ತಲೆಗೆ ಹತ್ತದೆ ಕುಣಿಗಲ್ ಕಡೆಯಿಂದ ಬಂದವನನ್ನು ತುಮಕೂರಿನ ತಮ್ಮ ಗ್ಯಾರೇಜಿಗೆ ಸೇರಿಸಿಕೊಂಡು, ಬೈದು, ತಲೆಗೆ ಮೊಟಕಿ, ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟು ಕೆಲಸ ಕಲಿಸಿದವರು.

ಈಗ ಉಸ್ತಾದರು ಗ್ಯಾರೇಜು ಮುಚ್ಚಿ, ಹೆಂಡತಿ ರಂಗಲಕ್ಷ್ಮಮ್ಮ, ಮಗಳು ಹೇಮಶ್ರೀ ಜೊತೆ ಗುಬ್ಬಿಯಲ್ಲೇ ಇದ್ದಾರೆ. ಈಚೆಗೆ ಮರೆವು ಬಂದಿದೆ. ಉಂಡು ಕೈ ತೊಳೆದವರೇ ‘ಊಟಕ್ಕೆ ಹಾಕೇ’ ಅನ್ನುವಷ್ಟು. ಆದರೆ ಬೆಳಿಗ್ಗೆ ಎದ್ದು ಬಾನೆಟ್ ಎತ್ತಿ ಕಾರು ನೋಡುವುದನ್ನು ಮಾತ್ರ ಮರೆಯುವುದಿಲ್ಲ. ಎಡಗಾಲಿನ ಮಂಡಿ ಕೈಕೊಟ್ಟಾಗ, ಕ್ಲಚ್ ತುಳಿಯುವ ರಗಳೆ ಬೇಡ ಅಂತ ಕೊಂಡಿದ್ದ ಹಳೇ ಆಟೋಮ್ಯಾಟಿಕ್ ಕಾರು ಅದು. ಈಗ ಓಡಿಸುವುದು ಹೇಮಶ್ರೀ. ಚೇಳೂರಿನಲ್ಲಿ ಟೀಚರ್ ಆಗಿದ್ದಾಳೆ.

ಆ ಕಾರಿನ ಗೇರ್‌ಬಾಕ್ಸ್ ಎಣ್ಣೆ ಸೋರಲು ಶುರುವಾಯಿತು. ಕೆಂಪು ಎಣ್ಣೆ. ಮನೆ ಮುಂದೆ ಆರತಿ ನೀರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಚಕ್ರಕ್ಕೆ ಹೋಗುವ ಆಕ್ಸಲ್ ಹತ್ತಿರ ತೊಟ್ಟಿಕ್ಕುತ್ತಿದ್ದರಿಂದ ಮುತ್ತುರಾಜ ಅಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಬದಲಾಯಿಸಿದ. ಮತ್ತೆ ಸೋರಿತು. ಸೀಲೇ ಕಳಪೆ ಅಂತ ಬೈದು, ಬೆಂಗಳೂರಿನಿಂದ ಬೇರೆ ತರಿಸಿ ಹಾಕಿದ. ಅದೂ ಸೋರಿತು. ತಲೆ ಕೆಟ್ಟು ಹೋಯಿತು ಅವನಿಗೆ.

“ಮುತ್ತಣ್ಣ, ದಾರೀಲಿ ಕೈಕೊಟ್ರೆ ನಾನೇನ್ ಮಾಡ್ಲಿ?” ಅಂದಳು ಹೇಮಶ್ರೀ. “ಇನ್ನೊಂದ್ ಸಲ ಸೋರಿದ್ರೆ ಮಾರ್ಬಿಡ್ತೀನಿ. ಬಸ್ಸಲ್ಲೇ ಓಡಾಡ್ತೀನಿ.”

ಅವಳು ಹೇಳುವುದರಲ್ಲೂ ತಪ್ಪಿರಲಿಲ್ಲ. ಆದರೆ ಅವಳು ಒಳಗೆ ಹೋದ ಮೇಲೆ ರಂಗಲಕ್ಷ್ಮಮ್ಮ ದನಿ ತಗ್ಗಿಸಿ ಹೇಳಿದರು: “ಅವ್ರು ಹಾಸಿಗೆ ಬಿಟ್ಟು ಏಳೋದೇ ಆ ಕಾರಿಗೋಸ್ಕರ ಕಣಪ್ಪ. ಅದೊಂದು ಹೋದ್ರೆ ಮನುಷ್ಯ ಕೂತಲ್ಲೇ ಕೂತ್ಬಿಡ್ತಾರೆ. ಹೆಂಗಾದ್ರೂ ಮಾಡಿ ಸರಿ ಮಾಡ್ಕೊಡು.”

ಭಾನುವಾರ ಮುತ್ತುರಾಜ ಹಟ ಹಿಡಿದು ಅವರ ಮನೆ ಮುಂದೆಯೇ ಕೂತ. ಗೇರ್‌ಬಾಕ್ಸನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿದ. ಆಮೇಲೆ ಹೇಮಶ್ರೀಯ ಪೌಡರ್ ಡಬ್ಬಿ ಇಸಿದುಕೊಂಡು ಮೇಲಿಂದ ಕೆಳಗೆ ಬಳಿದ.

“ಏನ್ ಮುತ್ತಣ್ಣ, ಮದುವೆ ಹೆಣ್ಣಾ ಅದು?” ಅಂತ ಅವಳು ನಕ್ಕಳು.

“ನಿಮ್ಮಪ್ಪ ಕಲಿಸಿದ್ದು ಕಣಮ್ಮ ಇದು. ಎಣ್ಣೆ ಮೊದಲು ಎಲ್ಲಿಂದ ಹೊರಡುತ್ತೋ ಪೌಡರ್ ಮೇಲೆ ಗೆರೆ ಬೀಳುತ್ತೆ.”

ಚೇಳೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, ಕಾರನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿದ. ಸೀಲಿನ ಸುತ್ತ ಪೌಡರ್ ಹಾಗೇ ಬೆಳ್ಳಗಿದೆ. ಕೆಂಪು ಗೆರೆ ಮಾತ್ರ ಮೇಲಿಂದ ಇಳಿದು ಬಂದು ಆಕ್ಸಲ್ ಹತ್ತಿರ ತೊಟ್ಟಿಕ್ಕಲು ನಿಂತಿದೆ. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗುರುತು ದಾಟಿ ಎಲ್ಲೋ ಹೋಗಿದೆ! ತಾನು ಗುರುತಿನ ತನಕವೇ ಹಾಕಿದ್ದೆನಲ್ಲ? ಅನುಮಾನ ಬಂದು, ಕಾರು ಸೋರುವ ಮುಂಚೆಯೇ ತಾನು ತುಂಬಿಸಿ ಇಟ್ಟುಹೋಗಿದ್ದ ಎಣ್ಣೆ ಡಬ್ಬ ಅಲ್ಲಾಡಿಸಿದ. ಅರ್ಧ ಖಾಲಿ.

“ಬೆಳಿಗ್ಗೆ ಬೆಳಿಗ್ಗೆ ಒಂಚೂರು ಹಾಕ್ತಾರಪ್ಪ,” ಅಂದರು ರಂಗಲಕ್ಷ್ಮಮ್ಮ. “ಕಾರಿಗೆ ಒಳ್ಳೇದೇನೋ ಅಂತ ನಾನೂ ಸುಮ್ನಿದ್ದೆ.”

ದಿನಾ ಹಾಕಿದ್ದಾರೆ, ದಿನಾ ಮರೆತಿದ್ದಾರೆ. ಅಷ್ಟರಲ್ಲಿ ರಂಗಯ್ಯನವರೇ ಕೋಲೂರಿಕೊಂಡು ಬಂದರು. ಪೌಡರ್ ಕಂಡಿದ್ದೇ ತಡ, ಟಾರ್ಚ್ ಕಿತ್ತುಕೊಂಡು, ಮಂಡಿನೋವು ಲೆಕ್ಕಿಸದೆ ಬಗ್ಗಿದರು.

“ಸೀಲನ್ನೇ ಯಾಕ್ಲಾ ನೋಡ್ಕಂಡ್ ಕುಂತಿದ್ದೀಯ? ಸೀಲ್ ಚೆನ್ನಾಗೇ ಐತೆ. ಗಾಳಿ ಹೋಗೋ ಕಿಂಡಿಯಿಂದ ಬಂದಿರೋದು ಇದು. ಎಣ್ಣೆ ಜಾಸ್ತಿ ಆಗಿ, ಬಿಸಿಯಾಗಿ, ನೊರೆಯೆದ್ದು ಹಾಲಿನಂಗೆ ಉಕ್ಕೈತೆ. ಯಾವನೋ ಬೇಕೂಫ ಸುರೀತಾನೇ ಅವ್ನೆ. ಯಾರ್ಲಾ ಅವನು?”

ಊಟ ಮಾಡಿದ್ದು ನೆನಪಿಲ್ಲದ ಮನುಷ್ಯ ಗೇರ್‌ಬಾಕ್ಸಿನ ರೋಗವನ್ನು ಒಂದೇ ನೋಟಕ್ಕೆ ಹೇಳಿಬಿಟ್ಟಿದ್ದರು. ರಂಗಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದರು. ಹೇಮಶ್ರೀ ತಲೆ ತಗ್ಗಿಸಿದಳು.

“ನಾನೇ ಉಸ್ತಾದ್,” ಅಂದ ಮುತ್ತುರಾಜ.

ಫಟ್ ಅಂತ ತಲೆಗೆ ಮೊಟಕು ಬಿತ್ತು. ಎಷ್ಟು ವರ್ಷವಾಗಿತ್ತು ಆ ಮೊಟಕು ತಿಂದು! ನೋಯಲಿಲ್ಲ. ಆದರೂ ಕಣ್ಣು ತುಂಬಿಕೊಂಡವು.

“ಇದೇ ಏನ್ಲಾ ನಾನ್ ಕಲ್ಸಿದ್ದು? ತತ್ತಾ ಡಬ್ಬ. ಇನ್ಮೇಲೆ ನನ್ ಹತ್ರಾನೇ ಇರ್ಲಿ.”

ಅಯ್ಯೋ ದೇವರೇ! ಡಬ್ಬ ಅವರ ಹತ್ತಿರವೇ ಉಳಿದರೆ ಇಷ್ಟು ಹೊತ್ತು ಒದ್ದಾಡಿದ್ದೆಲ್ಲ ನೀರುಪಾಲು. ಉಸ್ತಾದರ ಮಾತಿಗೆ ಬೇಡ ಅನ್ನುವುದುಂಟೇ? ಒಂದು ಗಳಿಗೆ ತಲೆ ಕೆರೆದುಕೊಂಡು, “ಸರಿ ಉಸ್ತಾದ್,” ಅಂದ. “ಆದ್ರೆ ನಂಗೆ ನನ್ನ ಕೈ ಮೇಲೇ ನಂಬ್ಕೆ ಇಲ್ಲ. ಮುಚ್ಚಳಕ್ಕೆ ನೀವೇ ತಂತಿ ಕಟ್ಟಿ, ಮೇಲೆ ಬರೆದುಬುಡಿ.”

ರಂಗಯ್ಯ ತಂತಿ ಸುತ್ತಿ ಬಿಗಿದು, ದಪ್ಪ ಅಕ್ಷರದಲ್ಲಿ ಬರೆದರು: ‘ಎಣ್ಣೆ ಸರಿಯಾಗಿದೆ. ಮುತ್ತು, ಮುಟ್ಟಬೇಡ. ರಂಗಯ್ಯ.’ ಮುತ್ತುರಾಜ ಹೆಚ್ಚಿನ ಎಣ್ಣೆ ಇಳಿಸಿ, ಗುರುತಿಗೆ ತಂದು ಬಿಟ್ಟ.

ಮಾರನೇ ಬೆಳಿಗ್ಗೆ ಮುತ್ತುರಾಜ ಬಂದು ಕಾಂಪೌಂಡಿನಾಚೆ ನಿಂತ. ರಂಗಯ್ಯ ಬಾನೆಟ್ ಎತ್ತಿದರು. ಡಬ್ಬಕ್ಕೆ ಕೈ ಹಾಕಿದರು. ಬರೆದದ್ದನ್ನು ಓದಿದರು, ತಂತಿ ಮುಟ್ಟಿ ನೋಡಿದರು.

“ಲೇ, ಆ ಬೇಕೂಫ ಮತ್ತೆ ಎಣ್ಣೆ ಹಾಕಿದ್ನೇನೇ?” ಅಂತ ಒಳಕ್ಕೆ ಕೂಗಿದರು.

“ಇಲ್ಲ ಕಣ್ರೀ.”

“ಹಾಕ್ಬಾರ್ದು. ಹೇಳು ಅವನಿಗೆ.” ಡಬ್ಬವನ್ನು ಇದ್ದಲ್ಲೇ ಇಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಬಾನೆಟ್ ಒರೆಸತೊಡಗಿದರು.

ಕಾರಿನ ಕೆಳಗೆ ನೆಲ ಈಗ ಒಣಗಿದೆ. ಹೇಮಶ್ರೀ ಮಾರುವ ಮಾತೆತ್ತಿಲ್ಲ. ಉಸ್ತಾದರು ದಿನಾ ಬೆಳಿಗ್ಗೆ ಎದ್ದು, ಡಬ್ಬ ಓದಿ, ಮುತ್ತುರಾಜನಿಗೆ ಬೈಯುತ್ತಾರೆ. ಒಂದು ದಿನ ಆ ಬೈಗುಳ ಕೇಳದಿದ್ದರೆ ಅವನಿಗೆ ಜೀವವೇ ನಿಲ್ಲುವುದಿಲ್ಲ. ಅದಕ್ಕೇ ಗ್ಯಾರೇಜು ತೆಗೆಯುವ ಮುಂಚೆ ಆ ಬೀದಿ ಸುತ್ತಿಕೊಂಡು, ಬೈಸಿಕೊಂಡೇ ಕೆಲಸಕ್ಕೆ ಹೋಗುತ್ತಾನೆ.