ಬೀಸಣಿಗೆಯ ಹಿಂಬದಿ

ಅಮೆರಿಕದ ಮೆಂಫಿಸ್‌ನ ದಕ್ಷಿಣ ಭಾಗದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪೆಟಿಗ್ರೂ ಅವರ ಶವಸಂಸ್ಕಾರ ಗೃಹದ ಹಿಂದಿನ ತಗಡಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒರ್ನೆಟಾ ಟ್ರಿಬಲ್ ಅಚ್ಚಿನ ಟ್ರೆಡಲ್ ಮಷಿನ್ ತುಳಿಯುತ್ತಿದ್ದಾರೆ. ವಯಸ್ಸು ಎಪ್ಪತ್ತೆಂಟು, ಬಲಮಂಡಿ ಊದಿದೆ, ಆದರೂ ತುಳಿತದ ಲಯ ತಪ್ಪುವುದಿಲ್ಲ. ಮೊದಲ ರಟ್ಟು ಹೊರಬಂದ ಕೂಡಲೇ ಅದಕ್ಕೊಂದು ಕಡ್ಡಿ ಸಿಕ್ಕಿಸಿ ಮುಖಕ್ಕೆ ಬೀಸಿಕೊಳ್ಳುತ್ತಾರೆ. ಆಮೇಲೆ ತಿರುಗಿಸಿ ಓದುತ್ತಾರೆ.

“ಮೊದ್ಲು ಗಾಳಿ ಬರ್ಬೇಕು. ಗಾಳಿ ಬರದ ಬೀಸಣಿಗೇಲಿ ನನ್ನ ಮಾತು ಯಾರಿಗೆ ಬೇಕು?” ಎನ್ನುತ್ತಾರೆ.

ಬೀಸಣಿಗೆಯ ಮುಂಬದಿಯಲ್ಲಿ ಪ್ರಾರ್ಥನೆಗೆ ಕೂತ ತಾಯಿ, ಮಗು. ಕೆಳಗೆ ಪೆಟಿಗ್ರೂ ಅವರ ವಿಳಾಸ, ಫೋನ್ ನಂಬರು. ಬೇಸಿಗೆ ಬಂತೆಂದರೆ ಈ ಕಡೆಯ ಕರಿಯರ ಚರ್ಚುಗಳ ಬೆಂಚು ಬೆಂಚಿನಲ್ಲೂ ಪೆಟಿಗ್ರೂ ಅವರು ಜಾಹೀರಾತಿಗೆಂದು ಪುಕ್ಕಟೆ ಹಂಚುವ ಇವೇ. ಹಿಂಬದಿ ಒರ್ನೆಟಾ ಅವರದು. ಇಂದು ಅಚ್ಚಾಗುತ್ತಿರುವುದು ಇಷ್ಟು: ‘ನನ್ನನ್ನು ಕಂಡ ಕೂಡಲೇ ನಾನು ಯಾರೆಂದು ನಿಮಗೆ ತಿಳಿದುಹೋಯಿತು. ನನಗೆ ಈ ವಯಸ್ಸಿಗೂ ತಿಳಿದಿಲ್ಲ. ಕುಳಿತುಕೊಳ್ಳಿ, ನನಗೂ ಸ್ವಲ್ಪ ಹೇಳಿ.’

ಚಿತ್ರಕ್ಕಿಂತ ಯೋಚನೆಯೇ ಮುಖ್ಯವಾದ ಇಂಥ ಕೆಲಸವನ್ನು ಕಲಾಲೋಕದವರು ಪರಿಕಲ್ಪನಾ ಕಲೆ ಎಂದು ಕರೆಯುತ್ತಾರೆ. ಬಿಳಿಯರು ಮಾಡಿದಾಗ ಮಾತ್ರ ಹಾಗೆ ಕರೆಯುತ್ತಿದ್ದ ಕಾಲದಲ್ಲಿ ಒರ್ನೆಟಾ ಷಿಕಾಗೊದಲ್ಲಿ ಕಲೆ ಓದಿದರು. ಗೋಡೆಗೆ ಬರಹ ಅಂಟಿಸಿದರೆ ಮೇಷ್ಟ್ರು, ಇದು ಕಲೆಯೋ ದೂರೋ ಎಂದು ಕೇಳಿದರು. ಗ್ಯಾಲರಿಯವರು, ಕರಿಯಳಲ್ಲವೇ, ಹತ್ತಿಯ ಹೊಲ ಬರೆದು ತಾ ಎಂದರು. ನಮ್ಮ ಕರಿಯ ಜನವೂ ಕಡಿಮೆಯೇನಲ್ಲ. ಓದೋಕೆ ಬೈಬಲ್ ಇದೆಯಲ್ಲ ತಾಯಿ, ಚಿತ್ರ ಎಲ್ಲಿ ಎಂದು ಕಾಲೆಳೆದರು.

ತಾಯಿ ಹಾಸಿಗೆ ಹಿಡಿದಾಗ ಒರ್ನೆಟಾ ಊರಿಗೆ ಮರಳಿದರು. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಯ ಪ್ರಸಂಗ ಎಳೆದೂ ಎಳೆದೂ ಮುಗಿಯದಿದ್ದಾಗ, ಹೆಂಗಸರೆಲ್ಲ ಬೀಸಣಿಗೆಯ ಹಿಂದಿನ ಜಾಹೀರಾತನ್ನೇ ಮತ್ತೆ ಮತ್ತೆ ಓದುವುದು ಕಣ್ಣಿಗೆ ಬಿತ್ತು. ಮಾರನೆಯ ದಿನವೇ ಹಿರಿಯ ಪೆಟಿಗ್ರೂ ಅವರ ಬಾಗಿಲು ತಟ್ಟಿ ಅಚ್ಚಿನ ಕೆಲಸ ಕೇಳಿದರು, ಹಿಂಬದಿ ತನಗೆ ಬಿಡಬೇಕೆಂಬ ಷರತ್ತಿನ ಮೇಲೆ. ಅಂದಿನಿಂದ ಇವರ ಗ್ಯಾಲರಿ ಚರ್ಚಿನ ಬೆಂಚು. ಬಿಳಿ ಕೈಗವಸು ತೊಟ್ಟು ಜನರನ್ನು ಕೂರಿಸುವ ವಿಲೆಟಾ ಆಗಾಗ ದೂರು ತರುತ್ತಾರೆ: “ಮಿಸ್ ಒರ್ನೆಟಾ, ನಿಮ್ಮ ಬೀಸಣಿಗೆ ಓದಿ ನಮ್ಮ ಯಜಮಾನ್ರು ಊಟದ ತನಕ ಜಗಳ ಆಡಿದ್ರು. ಈ ವಾರ ಸ್ವಲ್ಪ ಮೆತ್ತಗಿರೋದು ಬರೀರಿ.”

ಚರ್ಮದ ಬಗ್ಗೆ, ಹೆಸರಿನ ಬಗ್ಗೆ, ನೋಡುವ ಕಣ್ಣಿನ ಬಗ್ಗೆ ಇಷ್ಟು ವರ್ಷ ಬರೆದ ಒರ್ನೆಟಾ ಒಬ್ಬರ ಬಗ್ಗೆ ಮಾತ್ರ ಒಂದಕ್ಷರವೂ ಬರೆದಿರಲಿಲ್ಲ. ಅದು ಅವರ ಅಕ್ಕ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒರ್ನೆಟಾ ಅಪ್ಪನಂತೆ ಕಪ್ಪು. ಅಕ್ಕ ಅಮ್ಮನ ಕಡೆಯ ಅಜ್ಜನಂತೆ ಬೆಳ್ಳಗೆ. ಆ ಅಜ್ಜ ಯಾರು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಒರ್ನೆಟಾ ಇನ್ನೂ ಶಾಲೆಯಲ್ಲಿದ್ದಾಗ ಅಕ್ಕ ಉತ್ತರದ ರೈಲು ಹತ್ತಿ, ಇಳಿಯುವ ಹೊತ್ತಿಗೆ ಬಿಳಿಯಳಾಗಿದ್ದಳು. ಹೀಗೆ ಬಿಳಿಯರೆಂದು ಹೇಳಿಕೊಂಡು ಆಚೆ ದಾಟಿದವರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಅವರನ್ನು ಹಿಡಿದುಕೊಡಬಾರದೆಂಬುದು ಯಾರೂ ಬರೆದಿಡದ ಕಟ್ಟಳೆ. ಎಲ್ಲಾದರೂ ಕಂಡರೆ ಕರೆಯಬೇಡ, ಕರೆದರೆ ಅವಳ ಅನ್ನ ಹೋಗುತ್ತೆ, ಜೀವವೂ ಹೋಗಬಹುದು ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದರು.

ಕಂಡದ್ದು ಒಂದೇ ಸಲ. ಷಿಕಾಗೊದಲ್ಲಿ ಓದುತ್ತಿದ್ದಾಗ ಒರ್ನೆಟಾ ಅಕ್ಕ ನೆಲೆಸಿದ್ದ ಊರಿಗೆ ಹೋಗಿದ್ದರು. ಅಲ್ಲಿನ ದೊಡ್ಡ ಅಂಗಡಿಯಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನಿಟ್ಟುಕೊಂಡು ಅಕ್ಕ ಎದುರಿಗೇ ಬಂದಳು. ಪಕ್ಕದಲ್ಲಿ ಗಂಡ. ಅಕ್ಕ ಅರೆಗಳಿಗೆ ನಿಂತು, ಅಂಗಡಿಯ ಕೆಲಸದವಳನ್ನು ಕೇಳುವ ಹಾಗೆ, ಲಿಫ್ಟ್ ಎಲ್ಲಿದೆ ಎಂದು ಕೇಳಿದಳು.

“ನಾನು ‘ಆ ಕಡೆ, ಅಮ್ಮಾವ್ರೇ’ ಅಂದೆ,” ಎನ್ನುತ್ತಾರೆ ಒರ್ನೆಟಾ. “ಯಾರೂ ಹೇಳ್ಕೊಟ್ಟಿರ್ಲಿಲ್ಲ. ಬಾಯಿ ತಾನಾಗೇ ಅಂದುಬಿಡ್ತು. ಅವಳು ನನ್ನ ದನಿ ಕೇಳೋ ಆಸೆಗೇ ದಾರಿ ಕೇಳಿದ್ಲೇನೋ. ಆದ್ರೂ ಇವತ್ತಿಗೂ ಹೊಟ್ಟೆ ಉರಿಯುತ್ತೆ.”

ಕಳೆದ ವಸಂತದಲ್ಲಿ ಅಕ್ಕ ತೀರಿಕೊಂಡಳು. ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿಯನ್ನು ಆ ಊರಿನಲ್ಲಿದ್ದ ಚಿಕ್ಕಪ್ಪನ ಮಗಳು ಫೋನಿನಲ್ಲಿ ಓದಿ ಹೇಳಿದಳು. ಗಂಡ, ಮಕ್ಕಳು, ಮೊಮ್ಮಕ್ಕಳು, ಸಾಕಿದ ನಾಯಿ ಎಲ್ಲರ ಹೆಸರೂ ಇತ್ತು. ಒಡಹುಟ್ಟಿದವರು ಯಾರೂ ಇಲ್ಲ ಎಂದಿತ್ತು. ಒರ್ನೆಟಾ ಅಂತ್ಯಸಂಸ್ಕಾರಕ್ಕೆ ಬಸ್ಸು ಹತ್ತಿ ಹೋಗಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತರು. ಚೀಲದಲ್ಲಿ ಬೀಸಣಿಗೆಯಿತ್ತು, ಆದರೆ ಆ ಚರ್ಚು ಏಸಿಯಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಹೊರಬರುವಾಗ ಬಾಗಿಲಲ್ಲಿ ನಿಂತಿದ್ದ ಅಕ್ಕನ ಹಿರಿಮಗ ಕೈ ಹಿಡಿದುಕೊಂಡ. ಹಣೆ, ಕಿವಿ ಎರಡೂ ಒರ್ನೆಟಾರ ಅಪ್ಪನವೇ. ಬಹಳ ವಿನಯದಿಂದ ಕೇಳಿದ: “ನೀವು ಅಮ್ಮನ ಹತ್ರ ಕೆಲಸಕ್ಕಿದ್ರಾ?”

“ಹೌದಪ್ಪ, ಬಹಳ ಹಿಂದೆ,” ಎಂದು ಬಂದುಬಿಟ್ಟರು ಈ ಚಿಕ್ಕಮ್ಮ.

ಇದೇ ಬೇಸಿಗೆಯಲ್ಲಿ ದೊಡ್ಡ ನಗರದ ಮ್ಯೂಸಿಯಂನಿಂದ ಶನೀಸ್ ಬ್ಯಾಟಲ್ ಎಂಬ ತರುಣಿ ಬಂದಳು. ಅಲ್ಲಿ ಪ್ರದರ್ಶನಗಳನ್ನು ಏರ್ಪಡಿಸುವವಳು, ನಮ್ಮವಳೇ. ಒಂದಿಡೀ ಹಜಾರ ಒರ್ನೆಟಾರ ಬೀಸಣಿಗೆಗಳಿಗೆ ಮೀಸಲು ಎಂದಳು. ಇಷ್ಟು ವರ್ಷ ಮುಚ್ಚಿದ್ದ ಬಾಗಿಲು ತಾನಾಗಿ ತೆರೆದಿತ್ತು. ಮಾತಿನ ನಡುವೆ ಒರ್ನೆಟಾ ಅಕ್ಕನ ಕಥೆ ಹೇಳಿ ಅತ್ತುಬಿಟ್ಟರು. ಶನೀಸ್‌ಗೆ ಅದೇ ಬೇಕಾಯಿತು: ಅಕ್ಕನ ಹೆಸರು, ಫೋಟೊ ಹಾಕಿದ ಹೊಸ ಬೀಸಣಿಗೆ ಹಜಾರದ ನಡುವೆ ಇರಬೇಕು. ಸತ್ತವರಿಗೆ ಇನ್ನೇನು ತೊಂದರೆ ಎಂದಳು. “ಮುಚ್ಚಿಡೋದು ಬಿಳಿಯರು ಮಾಡಿದ ಕಾನೂನು, ಮಿಸ್ ಒರ್ನೆಟಾ. ನಾವ್ಯಾಕೆ ಕಾಯ್ಬೇಕು?”

ಆ ಮಾತಿನಲ್ಲಿ ಸುಳ್ಳಿಲ್ಲ ಎಂದು ಒರ್ನೆಟಾ ಈಗಲೂ ಒಪ್ಪುತ್ತಾರೆ. ವಾರಗಟ್ಟಲೆ ನಿದ್ದೆಗೆಟ್ಟರು. ಒಮ್ಮೆ ಅಕ್ಕನ ಹೆಸರಿಗೆ ಅಚ್ಚುಮೊಳೆ ಜೋಡಿಸಿಯೂ ಬಿಟ್ಟರು, ಸಿಟ್ಟಿನಲ್ಲೇ. ಆಮೇಲೆ ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ಹಾಕಿದರು.

“ನೋಡಿದ ಕೂಡ್ಲೇ ನೀನು ಇಂಥೋಳು ಅಂತ ಬೇರೆಯವರು ಹಣೆಪಟ್ಟಿ ಹಚ್ಚಬಾರದು ಅಂತ ಜೀವಮಾನ ಪೂರ್ತಿ ಬರೆದೆ. ಈಗ ಅವಳ ಹೆಣಕ್ಕೆ ನಾನೇ ಹಚ್ಲಾ?” ಎಂದು ಕೇಳುತ್ತಾರೆ. “ಅವಳು ನನ್ನ ಬಿಟ್ಟು ಹೋದ್ಲು, ಅದು ಅನ್ಯಾಯವೇ. ಆದ್ರೆ ಹೇಳೋ ಬಿಡೋ ಹಕ್ಕು ಅವಳದು.”

ಅಕ್ಕನ ಹೆಸರಿಲ್ಲದಿದ್ದರೆ ಜನ ಬರುವುದಿಲ್ಲ ಎಂದು ಮ್ಯೂಸಿಯಂ ಹಿಂದೆ ಸರಿಯಿತು. ಹಜಾರ ಬೇರೆಯವರ ಪಾಲಾಯಿತು. ಒರ್ನೆಟಾ ಸಂತರಂತೆ ನಗಲಿಲ್ಲ. ಮೂರು ದಿನ ತಗಡಿನ ಕೋಣೆಯ ಬಾಗಿಲೇ ತೆರೆಯಲಿಲ್ಲ. ಈ ಲೇಖನದಲ್ಲಿ ಅಕ್ಕನ ಹೆಸರಾಗಲಿ ಊರಾಗಲಿ ಇಲ್ಲದಿರುವುದೂ ಅವರ ಮಾತಿಗೆ ಕಟ್ಟುಬಿದ್ದೇ.

ಬೆಳಕು ಹರಿದಿದೆ. ಕಿರಿಯ ಪೆಟಿಗ್ರೂ, ಲೂಷಿಯಸ್, ಒಂದು ತಟ್ಟೆಯಲ್ಲಿ ಬಿಸಿ ಗ್ರಿಟ್ಸ್ ಗಂಜಿ ತಂದಿಟ್ಟು, ಮಂಡಿಗೆ ಎಣ್ಣೆ ಹಚ್ಚಿದ್ರಾ ಎಂದು ಗದರುತ್ತಾರೆ. ಒರ್ನೆಟಾ ಮೂಲೆಯತ್ತ ಕೈ ತೋರುತ್ತಾರೆ. ಅಲ್ಲಿ ಅಚ್ಚುಮೊಳೆ ಜೋಡಿಸಿ ದಾರ ಕಟ್ಟಿಟ್ಟ ಒಂದು ಪುಟವಿದೆ. ಅವರ ಸ್ವಂತ ಅಂತ್ಯಸಂಸ್ಕಾರಕ್ಕೆ ಹಂಚಬೇಕಾದ ಬೀಸಣಿಗೆಯ ಹಿಂಬದಿ. ಹುಟ್ಟಿದ ದಿನವಿದೆ, ಹೋದ ದಿನ ಲೂಷಿಯಸ್ ಸೇರಿಸಬೇಕು. ಅಪ್ಪ, ಅಮ್ಮನ ಹೆಸರಿನ ಕೆಳಗೆ ಒಂದೇ ಸಾಲು.

“‘ಒಬ್ಬಳು ಅಕ್ಕ’ ಅಂತ ಹಾಕಿದ್ದೀನಿ, ಹೆಸರು ಹಾಕಿಲ್ಲ,” ಎಂದು ಮಷಿನ್ ಮೇಲೆ ಮತ್ತೆ ಕಾಲಿಡುತ್ತಾರೆ. “ಅವಳ ಕಾಗದದಲ್ಲಿ ನಾನಿರ್ಲಿಲ್ಲ. ನನ್ನ ಕಾಗದದಲ್ಲಿ ಅವಳಿರ್ತಾಳೆ. ಅದೊಂದು ಸಾಲು ಯಾರೂ ಅಳಿಸದಿದ್ರೆ ಸಾಕು.”