ಕೊಟ್ಟಿಗೆ ಗೋಡೆಯ ಮೂರು ಸಂಖ್ಯೆ

ಕಳೆದ ವರ್ಷ ನಾಗಮಂಗಲಕ್ಕೆ ವರ್ಗವಾದಾಗ ಹೆಂಡತಿ ಒಂದು ಷರತ್ತು ಹಾಕಿದಳು. ಎರಡು ರೂಮಿನ ಬಾಡಿಗೆ ಮನೆಗೆ ಒಂದೋ ನಿಮ್ಮ ಕಂಪ್ಯೂಟರ್ ಬರಬೇಕು, ಇಲ್ಲಾ ನಾನು.

(ಎರಡು ನಿಮಿಷ ಯೋಚಿಸಿದ್ದೇ ನನ್ನ ತಪ್ಪಾಯಿತು.)

ನನ್ನದು 286 ಎಂಬ ಹಳೇ ಮಾಡೆಲ್. ಈ ಪೆಂಟಿಯಮ್ ಕಾಲದಲ್ಲಿ ಅದನ್ನು ಗುಜರಿಯವನೂ ಮೂಸುವುದಿಲ್ಲ. ಆದರೆ ಅದರೊಳಗೆ ನನ್ನ ಮೊದಲ ಪುಸ್ತಕವಿತ್ತು. ಫ್ಲಾಪಿಯಲ್ಲಿ ಕಾಪಿ ಇಡಬೇಕಿತ್ತು ಅನ್ನುತ್ತೀರಾ? ಇಟ್ಟಿದ್ದೆ. ಆಮೇಲೆ ನೋಡಿದರೆ ಬೂಷ್ಟು ಹಿಡಿದಿತ್ತು.

ಸರಿ, ಕಂಪ್ಯೂಟರನ್ನು ಬೂಕನಕೆರೆಯ ಅವ್ವನ ಮನೆಯ ಅಟ್ಟಕ್ಕೆ ಸಾಗಿಸಿದೆ. ಶ್ರೀರಂಗಪಟ್ಟಣದಲ್ಲಿ ಟೀವಿ ರಿಪೇರಿ ಮಾಡುವ ಗೆಳೆಯ ಚಲುವರಾಜನೂ ಜೊತೆಗೆ ಬಂದ. ಡಬ್ಬಿ ಬಿಚ್ಚಿದವನೇ, "ಬ್ಯಾಟ್ರಿ ತಗ್ದುಬುಡು ಕಣ್ಲಾ. ರಸ ಸೋರಿ ಬೋರ್ಡನ್ನೇ ತಿಂದಾಕ್ಬುಡ್ತದೆ" ಎಂದ. ಆದರೆ ಬ್ಯಾಟರಿ ತೆಗೆದರೆ ಸೆಟ್ಟಿಂಗೆಲ್ಲ ಮರೆತುಹೋಗುತ್ತದಂತೆ. ಪುಸ್ತಕ ಕೂತಿರುವ ಹಾರ್ಡ್ ಡಿಸ್ಕ್ ಎಂಥದ್ದು ಅಂತ ಹೇಳುವ ಮೂರು ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ಮಾತ್ರ ಮತ್ತೆ ಎಬ್ಬಿಸಬಹುದು.

ಅವ್ವ ಕೇಳಿದಳು: "ಅಷ್ಟು ದೊಡ್ ಮಿಷಿನ್ನು, ತನ್ನ ಹೊಟ್ಟೇಲಿ ಏನೈತೆ ಅಂತ ಅದ್ಕೇ ಗೊತ್ತಿಲ್ವಾ?"

ಎಕ್ಸ್‌ಪರ್ಟುಗಳಿಬ್ಬರೂ ಸ್ಕ್ರೀನಿನಲ್ಲಿ ಆ ಸಂಖ್ಯೆ ಹುಡುಕತೊಡಗಿದೆವು.

ಎಲ್ಲಿ ಬರೆದಿಡುವುದು? ಕಾಗದ ಸಿಕ್ಕರೆ ಅವ್ವ ಒಲೆ ಹಚ್ಚುತ್ತಾಳೆ. ಕೊಟ್ಟಿಗೆಯ ಗೋಡೆಯಲ್ಲಿ ನಮ್ಮ ಹಸು ಗೌರಿ ಗಬ್ಬ ಕಟ್ಟಿದ, ಕರು ಹಾಕಿದ ತಾರೀಖುಗಳನ್ನೆಲ್ಲ ಅವಳು ಇದ್ದಿಲಲ್ಲಿ ಬರೆದಿದ್ದಳು. ಅದರ ಕೆಳಗೇ ನಾನೂ ಗೀಚಿದೆ: 977, 5, 17. ಆಮೇಲೆ ಚಲುವರಾಜ ಬ್ಯಾಟರಿ ಕಿತ್ತ.

ಮೊನ್ನೆ ಪ್ರಕಾಶಕರು ಪುಸ್ತಕ ಕೊಡಿ ಎಂದರು. ಬೂಕನಕೆರೆಗೆ ಓಡಿದೆ. ಮನೆ ಫಳಫಳ ಹೊಳೆಯುತ್ತಿತ್ತು. ಯುಗಾದಿಗೆ ಅವ್ವ ಸುಣ್ಣ ಬಳಿಸಿದ್ದಾಳೆ! ಮೂರು ವರ್ಷ ರಾಶಿ ರಾಶಿ ಟೈಪ್ ಮಾಡಿದ್ದು ಸುಣ್ಣದ ಪಾಲಾಯಿತಲ್ಲ?

ಗೊಣಗುತ್ತಲೇ ಕೊಟ್ಟಿಗೆಗೆ ಹೋದೆ. ಬಿಳಿ ಗೋಡೆಯ ನಡುವೆ ಮೊರದಗಲ ಕೊಳಕು ಜಾಗ. ಅದರಲ್ಲಿ ಗೌರಿಯ ಬಾಣಂತನದ ಚರಿತ್ರೆ ಪೂರ್ತಿ ಇತ್ತು. ಕೆಳಗೆ ನನ್ನ ಸಂಖ್ಯೆಗಳೂ ಇದ್ದವು.

"ಸುಣ್ಣದೋನ್ಗೆ ಅಲ್ ಕೈ ಇಡ್ಬ್ಯಾಡ ಅಂದೆ" ಎಂದಳು ಅವ್ವ. "ದನದ್ ಡಾಕ್ಟ್ರು ಬಂದ್ ಕೇಳಿದ್ರೆ ಗೌರಿದು ಏನ್ಲಾ ಏಳ್ಲಿ?"

ಮತ್ತೆ ನನ್ನದು?

"ನಿಂದಾ? ಅದ್ ನೆಪ್ಪೇ ಇರ್ನಿಲ್ಲ ಬುಡು."

ಚಲುವರಾಜ ಬಂದು ಹೊಸ ಬ್ಯಾಟರಿ ಹಾಕಿ ಆ ಮೂರು ಸಂಖ್ಯೆ ಕುಟ್ಟಿದ. 286 ಗೊರಗೊರ ಎನ್ನುತ್ತಾ ಎದ್ದಿತು. ಪುಸ್ತಕ ಇತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿತು.

ಅರ್ಪಣೆ ಯಾರಿಗೆ ಎಂದು ಪ್ರಕಾಶಕರು ಕೇಳಿದ್ದರು. 'ಗೌರಿಗೆ' ಎಂದು ಬರೆದು ಕಳಿಸಿದ್ದೇನೆ. ಆ ಪುಟದಲ್ಲಿ ತನ್ನ ಹೆಸರೇ ಬರುತ್ತದೆಂದು ಕಾದಿರುವ ಹೆಂಡತಿಗೆ ಯಾರು ಹೇಳುವುದು, ನೀವಾ, ನಾನಾ?