ಹಿತ್ತಿಲಲ್ಲಿ ಇಟ್ಟ ಎಡೆ

ನಾವು ಚಿಕ್ಕವರಿದ್ದಾಗ ಕೊಪ್ಪದ ನಮ್ಮ ಮನೆಯಲ್ಲಿ ಪಿತೃಪಕ್ಷಕ್ಕೆ ಯುಗಾದಿಗಿಂತ ದೊಡ್ಡ ಸಡಗರ. ಬೆಳಿಗ್ಗೆಯಿಂದ ಕಜ್ಜಾಯ ಕರಿಯುವ ವಾಸನೆ, ಮಧ್ಯಾಹ್ನಕ್ಕೆ ಬಾಡಿನ ಸಾರು. ಸತ್ತ ಹಿರಿಯರಿಗೆ ಅವರವರ ಇಷ್ಟದ್ದನ್ನೇ ಎಲೆಗೆ ಬಡಿಸಿ ಎಡೆ ಇಡುತ್ತಿದ್ದರು. ತಾತನ ಎಲೆಯ ಪಕ್ಕ ಒಂದು ಕಟ್ಟು ಬೀಡಿ. ಮುತ್ತೈದೆಯಾಗಿ ಸತ್ತವರಿದ್ದರೆ ಹೂವು, ಬಳೆ, ಕುಂಕುಮ. ಆಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂರುವುದು. ನಮಗೋ ಬಾಯಲ್ಲಿ ನೀರು.

ತಂಗಿ ಲಕ್ಷ್ಮಿಯನ್ನು ಅಪ್ಪ, ಅವ್ವ ಮೈಸೂರಿನ ಅನಾಥಾಶ್ರಮದಿಂದ ತಂದಾಗ ಅವಳಿಗೆ ವರ್ಷವೂ ತುಂಬಿರಲಿಲ್ಲ, ನನಗೆ ನಾಲ್ಕು. "ಅವ್ಳ ಮುಂದೆ ಆ ಮಾತೆತ್ತಿದ್ರೆ ಚರ್ಮ ಸುಲ್ದುಬುಡ್ತೀನಿ" ಎಂದು ಅಜ್ಜಿ ನನ್ನನ್ನು ಹೆದರಿಸಿದ್ದಳು. ಬೇರೆ ಯಾರೂ ಎತ್ತಲಿಲ್ಲ, ಎತ್ತಿದವಳು ನಾನೇ. ಅವಳಿಗೆ ಎಂಟು ವರ್ಷವಾಗಿದ್ದಾಗ, ಕುಂಟೆಬಿಲ್ಲೆಯಲ್ಲಿ ಸೋತ ಸಿಟ್ಟಿಗೆ, "ನೀನೇನು ನಮ್ಮವ್ವನ ಒಟ್ಟೇಲಿ ಉಟ್ಟಿಲ್ಲ ಕಣೆ. ನಿಮ್ಮವ್ವ ಸತ್ತೋದ್ಲು, ಅದ್ಕೆ ನಿನ್ನ ತಂದವ್ರೆ" ಅಂದುಬಿಟ್ಟೆ. ಸತ್ತಿದ್ದಳೋ ಬದುಕಿದ್ದಳೋ ನನಗೇನು ಗೊತ್ತು! ಬಾಯಿಗೆ ಬಂದದ್ದು ಅಂದೆ.

ಅವಳು ಅಳಲಿಲ್ಲ. ದಿನಾ ಸ್ಕೂಲಿನ ದಾರಿಯಲ್ಲಿ ಕೇಳತೊಡಗಿದಳು. "ಅಕ್ಕ, ಅವ್ಳು ಎಂಗಿದ್ಲು? ನನ್ನಂಗೆ ಇದ್ಲಾ?" ಬೇರೆ ಯಾರನ್ನು ತಾನೇ ಕೇಳಿಯಾಳು!

ಆ ವರ್ಷದ ಎಡೆಯ ದಿನ, ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿದ್ದೆವು. ಹಿತ್ತಿಲಿಗೆ ಹೋದ ಅಜ್ಜಿ ಕಿರುಚಿಕೊಂಡಳು. ಕೊಟ್ಟಿಗೆಯ ಹಿಂದೆ ಲಕ್ಷ್ಮಿ ಕೂತಿದ್ದಳು. ಮುಂದೆ ಹರಿದ ಬಾಳೆಲೆಯ ಚೂರು, ಅದರ ಮೇಲೆ ಅರ್ಧ ಕಜ್ಜಾಯ, ಕನಕಾಂಬರ, ಅವಳದೇ ಎರಡು ಗಾಜಿನ ಬಳೆ.

"ಈ ಮನೇಲಿ ಯಾವ ಮುತ್ತೈದೆ ಸತ್ತವ್ಳೆ? ನಿಮ್ಮವ್ವ ಬದ್ಕಿರೋವಾಗ್ಲೇ ಎಡೆ ಇಕ್ಕಿದ್ಯೇನೆ, ಅನಿಷ್ಟದ್ದೆ!" ಅಜ್ಜಿ ಕೆನ್ನೆಗೆ ಬಾರಿಸಿದಳು. ನೆಂಟರೆಲ್ಲ ಓಡಿಬಂದರು. ಅವ್ವ ಎಲೆಯನ್ನು ನೋಡಿ, "ನಾನೇನ್ ಮಾಡಿದ್ನವ್ವ ನಿಂಗೆ?" ಎಂದು ಸೆರಗು ಬಾಯಿಗಿಟ್ಟುಕೊಂಡಳು.

ಲಕ್ಷ್ಮಿ ತುಟಿ ಬಿಚ್ಚಲಿಲ್ಲ, ನನ್ನ ಮುಖ ನೋಡಿದಳು. ಆ ಎಡೆ ಯಾರಿಗೆಂದು ಗೊತ್ತಿದ್ದವಳು ನಾನೊಬ್ಬಳೇ. ಒಂದು ಮಾತು ಸಾಕಿತ್ತು. ಆದರೆ ಅವಳಿಗೆ ವಿಷಯ ಹೇಳಿದ್ದು ಯಾರು ಅನ್ನುವುದೂ ಆಚೆ ಬರುತ್ತಿತ್ತಲ್ಲ! ಸುಮ್ಮನಿದ್ದೆ. ಆಮೇಲೆ ಎಲ್ಲರ ಜೊತೆ ಕೂತು ಕಜ್ಜಾಯವನ್ನೂ ತಿಂದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವತ್ತಿನಿಂದ ಅವಳು ನನ್ನನ್ನು ಏನೂ ಕೇಳಲಿಲ್ಲ. ಮದುವೆಗೆ ಮುಂಚೆ ಅಪ್ಪ ಕೂರಿಸಿಕೊಂಡು ವಿಷಯ ತಿಳಿಸಿದಾಗಲೂ ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದಳು. ಈಗ ಮಂಡ್ಯದಲ್ಲಿ ಟೀಚರ್. ವಾರಕ್ಕೊಮ್ಮೆ ಫೋನ್ ಮಾಡಿ ಮಕ್ಕಳ ಮಾರ್ಕ್ಸು, ಅತ್ತೆಯ ಮಂಡಿನೋವು ಎಲ್ಲ ಹೇಳುತ್ತಾಳೆ. ತನ್ನ ಮನಸ್ಸಿನದು ಒಂದು ಮಾತೂ ಇಲ್ಲ.

ಮೊನ್ನೆ ತಡೆಯಲಾರದೆ ಕ್ಷಮೆ ಕೇಳಿದೆ. "ಈಗ್ಲಾದ್ರೂ ಅವ್ವಂಗೆ ನಿಜ ಯೋಳ್ಬುಡ್ತೀನಿ ಕಣೆ" ಅಂದೆ.

"ಬ್ಯಾಡ ಕಣಕ್ಕ," ಅಂದಳು. "ಇನ್ನೊಬ್ಬಳನ್ನ ಅವ್ವ ಅಂತ ನೆನೆಸ್ಕಂಡಿದ್ದೆ ಅಂದ್ರೆ ನೊಂದ್ಕತ್ತಾಳೆ. ನಾನೇ ಕೆಟ್ಟೋಳು ಅಂತ ಇರ್ಲಿ ಬುಡು."

ಅವತ್ತು ಏಟು ತಿಂದೂ ಅವಳು ಯಾಕೆ ಬಾಯಿ ಬಿಡಲಿಲ್ಲವೆಂದು ಆಗ ತಿಳಿಯಿತು. ಒಬ್ಬ ತಾಯಿಗಾಗಿ ಬಂದ ಅಳುವನ್ನು ಇನ್ನೊಬ್ಬ ತಾಯಿಗಾಗಿ ನುಂಗಿಕೊಂಡೇ ನನ್ನ ತಂಗಿ ದೊಡ್ಡವಳಾದಳು. ಅವತ್ತೇ ನಿಜ ಹೇಳಿ ಅವಳನ್ನು ಅಳಲು ಬಿಡುವುದು ನನ್ನ ಕೈಯಲ್ಲಿತ್ತು.